ಎಡಗಡೆ ಎಂದು ಬರೆದುಕೊಟ್ಟೆ

ಜೀಪಿನ ಮುಂಭಾಗದಲ್ಲಿ ಏನೋ ಕಿರುಗುಟ್ಟುತ್ತಿದೆ ಎಂದು ನನಗೆ ಮೊದಲು ಹೇಳಿದವನು ಎದುರಿನ ಅಪಾರ್ಟ್‌ಮೆಂಟಿನ ಕಾವಲುಗಾರ ಗೂಳಪ್ಪ. ಗಿರಿನಗರದ ನಮ್ಮ ಬೀದಿಗೆ ಅವನು ಬಂದು ಒಂದು ವರ್ಷವಾಗಿರಬಹುದು. ಮಾತಿನಲ್ಲಿ ಇನ್ನೂ ಕೊಪ್ಪಳದ ಕಡೆಯ ಎಳೆತವಿತ್ತು.

"ಸರ್ರ, ಗಾಡ್ಯಾಗ ಇಲಿಮರಿ ಹೊಕ್ಕಾವೇನ್ ನೋಡಸ್ರಿ. ಕೀಂ ಕೀಂ ಅನ್ನಾಕತ್ತಾವು."

ತಮಾಷೆ ಎಂದುಕೊಂಡು ನಕ್ಕು ಒಳಗೆ ಹೋದೆ. ವಾರದ ನಂತರ ಹಾಲಿನ ಬೂತಿನ ರೇಖಾ ಕೇಳಿದರು. "ಅಂಕಲ್, ಜೀಪ್‌ಗೆ ಆಯಿಲ್ ಹಾಕ್ಸಲ್ವಾ? ನೀವು ಟರ್ನಿಂಗಲ್ಲಿ ಬರ್ತಿದ್ದಂಗೇ ಹಲ್ಲು ಜುಂ ಅನ್ನತ್ತೆ." ಅವರಿಗೂ ನಕ್ಕೆ. ಮೂರನೆಯವಳು ನನ್ನ ಹೆಂಡತಿ ಸತ್ಯಭಾಮಾ.

"ರೀ, ಆ ಶಬ್ದ ಒಂಚೂರು ಸರಿ ಮಾಡಿಸ್ಬಾರ್ದಾ? ಅಡಿಗೆಮನೇಲಿ ಮಿಕ್ಸಿ ಓಡ್ತಿದ್ರೂ ಕೇಳ್ಸತ್ತೆ."

"ಮಾಡಿಸ್ತೀನಿ" ಎಂದೆ. ನನಗೆ ಯಾವ ಶಬ್ದವೂ ಕೇಳಿಸುತ್ತಿರಲಿಲ್ಲ.

ಎಂಜಿನ್ ಕೇಳಿಸುತ್ತಿತ್ತು. ಗೇರು ಬದಲಿಸುವಾಗಿನ ಗೊರಗೊರ, ಹಂಪ್ ಮೇಲೆ ಹಿಂದಿನ ಸೀಟು ಧಡ್ ಎನ್ನುವುದು, ಪಕ್ಕದಲ್ಲಿ ಹಾದುಹೋಗುವ ಬಸ್ಸು, ಎಲ್ಲವೂ ಕೇಳಿಸುತ್ತಿದ್ದವು. ಕಿರುಗುಟ್ಟುವುದು ಮಾತ್ರ ಇಲ್ಲ. ಕಿಟಕಿ ಇಳಿಸಿ, ತಲೆ ಹೊರಹಾಕಿ, ನಮ್ಮ ಬೀದಿಯ ಕೊನೆಯವರೆಗೆ ಎರಡು ಸಲ ಓಡಿಸಿ ನೋಡಿದೆ. ಏನೂ ಇರಲಿಲ್ಲ.

ಈ ಫೋರ್ ವೀಲ್ ಡ್ರೈವ್ ಜೀಪು ಒಂದು ಕಾಲಕ್ಕೆ ನಮ್ಮ ಇಲಾಖೆಯದು. ನಾನು ಅಂತರ್ಜಲ ಸಮೀಕ್ಷೆಯಲ್ಲಿ ಮೂವತ್ತನಾಲ್ಕು ವರ್ಷ ಇದ್ದೆ. ಬಂಡೆಯ ಮೇಲೆ, ಹಳ್ಳದ ದಂಡೆಯಲ್ಲಿ ಕಬ್ಬಿಣದ ಗೂಟಗಳನ್ನು ನೆಟ್ಟು, ವಿದ್ಯುತ್ ಹರಿಸಿ, ನೆಲ ಅದನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವುದು ಕೆಲಸ. ನಿವೃತ್ತಿಯ ವರ್ಷ ಜೀಪು ಹರಾಜಿಗೆ ಬಂದಾಗ ಕೊಂಡುಕೊಂಡೆ. ಮನೆಯಲ್ಲಿ ಉಳಿದ ಕೆಲಸಗಳೆಲ್ಲ ಒಂದೊಂದಾಗಿ ನನ್ನ ಕೈ ಬಿಟ್ಟುಹೋಗಿದ್ದವು. ಗ್ಯಾಸು, ಕರೆಂಟು, ಬ್ಯಾಂಕು ಎಲ್ಲವೂ ಸತ್ಯಭಾಮಾಳ ಫೋನಿನೊಳಗೆ ಸೇರಿದ್ದವು. ಯಾರನ್ನಾದರೂ ಎಲ್ಲಿಗಾದರೂ ಕರೆದೊಯ್ಯಬೇಕಾದರೆ ಮಾತ್ರ ನನ್ನ ಹೆಸರು ಬರುತ್ತಿತ್ತು.

ಅದಕ್ಕೂ ಒಂದು ಷರತ್ತು ಬಿದ್ದಿತ್ತು. ಯುಗಾದಿಯ ದಿನ ಮಗಳು ವಿಭಾ ಜೆ.ಪಿ. ನಗರದಿಂದ ಊಟಕ್ಕೆ ಬಂದವಳು ಒಬ್ಬಟ್ಟು ಮುರಿಯುತ್ತಾ ಹೇಳಿದ್ದಳು: "ಅಪ್ಪ, ಎಪ್ಪತ್ತು ದಾಟ್ತು. ಕಣ್ಣೋ, ಕಿವಿಯೋ, ಮಂಡಿಯೋ, ಯಾವ್ದಾದ್ರೂ ಒಂದು ಕೈಕೊಟ್ರೆ ಅವತ್ತೇ ಜೀಪ್ ಕೀ ಅಮ್ಮಂಗೆ ಕೊಟ್ಬಿಡ್ಬೇಕು. ಒಪ್ಗೆನಾ?" ಒಪ್ಪಿದ್ದೆ. ಆಗ ನನ್ನ ಚಿಂತೆ ಮಂಡಿಯದು ಮಾತ್ರ.

ಮೊಮ್ಮಗ ಆಶ್ರಿತನಿಗೆ ಬಿಳಿಗಿರಿರಂಗನ ಬೆಟ್ಟದಲ್ಲಿ ಚೌಲ ಎಂದು ನಿಶ್ಚಯವಾಗಿತ್ತು. ಇನ್ನು ಮೂರು ವಾರಕ್ಕೆ, ಭಾನುವಾರ. ವಿಭಾ, ಅಳಿಯ ಶ್ರೀಕರ್, ಅವನ ತಾಯಿ ಗೋವಿಂದಮ್ಮ, ಮಗು, ನಾವಿಬ್ಬರು. ಆರು ಜನ, ಒಂದೇ ಗಾಡಿ, ಘಾಟಿ ರಸ್ತೆ. ಓಡಿಸುವವನು ನಾನು.

ಒಂದು ಮಧ್ಯಾಹ್ನ ಸತ್ಯಭಾಮಾ ಮಲಗಿದ್ದಾಗ ಫೋನಿನಲ್ಲಿ ಸ್ವರ ಹುಟ್ಟಿಸುವ ಆ್ಯಪ್ ಒಂದನ್ನು ಹಾಕಿಕೊಂಡು ಕೂತೆ. ಹರ್ಟ್ಸಿನ ಅಂಕಿ ಏರಿದಂತೆ ಸ್ವರವೂ ತಾರಕಕ್ಕೆ ಏರುತ್ತದೆ. ಸಾವಿರ ಹರ್ಟ್ಸ್ ಚೆನ್ನಾಗಿ ಕೇಳಿಸಿತು. ಎರಡು ಸಾವಿರವೂ ಕೇಳಿಸಿತು. ಮೂರು ಸಾವಿರದ ಹೊತ್ತಿಗೆ ದಾರದಷ್ಟು ತೆಳ್ಳಗಾಯಿತು. ನಾಲ್ಕು ಸಾವಿರಕ್ಕೆ ಪರದೆಯ ಮೇಲೆ ಅಲೆ ಕುಣಿಯುತ್ತಿತ್ತು, ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಫೋನಿನ ಸ್ಪೀಕರ್ ಕೆಟ್ಟಿದೆ ಎಂದುಕೊಂಡೆ. ಅದು ಹೌದೋ ಅಲ್ಲವೋ ತಿಳಿಯಲು ಸತ್ಯಭಾಮಾಳನ್ನು ಎಬ್ಬಿಸಿ "ಇದು ಕೇಳಿಸತ್ತಾ" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಪ್ರಯೋಗ ಅಲ್ಲಿಗೆ ಮುಗಿಯುತ್ತಿತ್ತು. ಎಬ್ಬಿಸಲಿಲ್ಲ.

ಜೀಪನ್ನು ತಿಲಕ್ ನಗರದ ಗ್ಯಾರೇಜಿಗೆ ಒಯ್ದೆ. ಅದನ್ನು ನಡೆಸುವ ಸಂಗಮೇಶ ಇಳಕಲ್ಲಿನವನು. ಬಿ.ಟಿ.ಎಮ್ಮಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಸೋದರಮಾವನ ಮಗ ನಿಂಗರಾಜನನ್ನೂ ಜೊತೆಗೆ ಹಾಕಿಕೊಂಡು ಕೆಲಸ ಮಾಡುತ್ತಾನೆ. ಆರು ವರ್ಷದಿಂದ ನನ್ನ ಗಾಡಿ ಅವನ ಕೈಯಲ್ಲೇ. ಆ ವಾರ ಬಿಟ್ಟೂಬಿಡದೆ ಮಳೆ. ಸಂಗಮೇಶ ಒಂದು ಸುತ್ತು ಓಡಿಸಿಕೊಂಡು ಬಂದು ತಲೆ ಒರೆಸಿಕೊಂಡ.

"ಇವತ್ತ ಸಪ್ಪಳ ಇಲ್ಲಲ್ರಿ ಸರ. ನೀರ ಬಿದ್ರ ಒಮ್ಮೊಮ್ಮೆ ಸುಮ್ಮನಾಗಿ ಬಿಡ್ತೈತಿ. ನೀವ ಹೇಳ್ಬೇಕು. ಹಂಪ್ ಮ್ಯಾಲೆ ಬರ್ತೈತೋ, ತಿರುಗಿಸುವಾಗೋ? ಎಡಕ್ಕೋ, ಬಲಕ್ಕೋ? ಅದ ಗೊತ್ತಾದ್ರ ಅರ್ಧ ಕೆಲಸ ಆದಂಗ."

"ನಾಳೆ ಸರಿಯಾಗಿ ನೋಡಿ ಬರೆದುಕೊಡ್ತೀನಿ" ಎಂದೆ.

ಬರೆಯುವುದು ನನ್ನ ಅಭ್ಯಾಸ, ಅದು ಅವನಿಗೂ ಗೊತ್ತು. ಆ ಸಂಜೆ ಊಟದ ಮೇಜಿನ ಮೇಲೆ ಸ್ಕೇಲು ಇಟ್ಟು ಗೆರೆ ಹಾಕಿದೆ. ವೇಗ, ರಸ್ತೆ, ತಿರುವು, ಬದಿ, ಸದ್ದಿನ ಪ್ರಮಾಣ ಎಂದು ಐದು ಅಂಕಣ. ಹದಿನಾಲ್ಕು ಸಾಲು. ಒಂದು ಸಾಲೂ ನಿಜವಲ್ಲ. ಬದಿಯ ಅಂಕಣಕ್ಕೆ ಬಂದಾಗ ಸ್ವಲ್ಪ ಯೋಚಿಸಿದೆ. ಸ್ಟೇರಿಂಗ್ ಇರುವುದು ಬಲಕ್ಕೆ, ನಾನು ಕೂರುವುದು ಬಲಚಕ್ರದ ಹತ್ತಿರ. ಸದ್ದು ಅಲ್ಲಿದ್ದಿದ್ದರೆ ನನಗೆ ಕೇಳಿಸಲೇಬೇಕಿತ್ತು. ಕೇಳಿಸುತ್ತಿಲ್ಲವಾದ್ದರಿಂದ ಅದು ದೂರದ ಬದಿಯಲ್ಲಿದೆ. ಎಡಗಡೆ ಎಂದು ಬರೆದೆ, ಹಂಪ್ ಮೇಲೆ ಎಂದು ಬರೆದೆ. ನಿಜವಾದ ಅಳತೆಗಳು ಯಾವತ್ತೂ ಅಷ್ಟು ಒಂದೇ ಸಮ ಇರುವುದಿಲ್ಲವೆಂಬುದು ಗೊತ್ತಿದ್ದರಿಂದ ಎರಡು ಸಾಲಿನಲ್ಲಿ "ಸದ್ದಿಲ್ಲ" ಎಂದೂ ಸೇರಿಸಿದೆ.

ಸಮೀಕ್ಷೆಯ ದಿನಗಳಲ್ಲಿ ಮೀಟರಿನ ಮುಳ್ಳು ನಡುಗುತ್ತಿದ್ದರೆ ಅದು ನಿಲ್ಲುವವರೆಗೆ ಬಿಸಿಲಲ್ಲಿ ಕಾಯುತ್ತಿದ್ದೆ. ಅಂದಾಜಿನಲ್ಲಿ ಅಂಕಿ ಬರೆದ ಕಿರಿಯನೊಬ್ಬನನ್ನು ಮಸ್ಕಿಯ ಹತ್ತಿರ ಹನ್ನೊಂದು ಕಿಲೋಮೀಟರ್ ವಾಪಸು ಕಳಿಸಿ ಮತ್ತೆ ಅಳೆಸಿದ್ದೆ. ಗೆರೆ ಹಾಕುವಾಗ ಅವನು ನೆನಪಾದ. ಪೆನ್ನು ನಿಲ್ಲಲಿಲ್ಲ.

ಮರುದಿನ ಕಾಗದ ನೋಡಿ ಸಂಗಮೇಶನಿಗೆ ಸಂತೋಷವಾಯಿತು. "ಇಷ್ಟ ಚಂದಾಗಿ ಯಾರೂ ಬರಕೊಡಂಗಿಲ್ರಿ" ಎಂದು ಅದನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ. ಎಡಗಡೆಯ ಶಾಕ್ ಅಬ್ಸಾರ್ಬರಿನ ರಬ್ಬರ್ ಬುಶ್, ಅಡ್ಡಸರಳಿನ ಬುಶ್ ಎಲ್ಲ ಬಿಚ್ಚಿ ಹೊಸದು ಹಾಕಿದ. ಹಳೆಯವು ಸ್ವಲ್ಪ ಸವೆದೇ ಇದ್ದವು. ಅದನ್ನು ನೋಡಿ ನನಗೇ ಒಂದು ಕ್ಷಣ ನನ್ನ ಕೋಷ್ಟಕ ನಿಜವಿರಬಹುದು ಅನಿಸಿತು.

ಮಳೆ ಇರುವವರೆಗೆ ಯಾರೂ ಏನೂ ಹೇಳಲಿಲ್ಲ. ನಂತರ ನಾಲ್ಕು ದಿನ ಚುರುಗುಟ್ಟುವ ಬಿಸಿಲು ಬಿತ್ತು. ಗುರುವಾರ ನಾನು ಜೀಪು ನಿಲ್ಲಿಸಿ ಒಳಗೆ ಬಂದಾಗ ಸತ್ಯಭಾಮಾ ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದೇ ತಿರುಗಿದಳು.

"ಸರಿ ಮಾಡಿಸ್ದೆ ಅಂದ್ರಲ್ಲ?"

"ಹೊಸ ಬುಶ್. ಕೂತ್ಕೊಳ್ಳಕ್ಕೆ ಟೈಮ್ ತಗೊಳತ್ತೆ."

"ಮುಂಚೆಗಿಂತ ಜೋರಾಗಿದೆ. ನಿಮಗೆ ಹಾಗನ್ನಿಸ್ತಿಲ್ವಾ?"

"ಸ್ವಲ್ಪ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಮಗೂನ ಕೂರಿಸ್ಕೊಂಡು ಬೆಟ್ಟ ಹತ್ತೋ ಗಾಡಿ ಇದು. ಇನ್ನು ಮೂರು ದಿನಕ್ಕೆ ಭಾನುವಾರ. ಒಂದ್ಸಲ ನೆಟ್ಟಗೆ ತೋರಿಸ್ಕೊಂಡ್ ಬನ್ನಿ."

ಶುಕ್ರವಾರ ಬೆಳಿಗ್ಗೆ ಮತ್ತೆ ತಿಲಕ್ ನಗರಕ್ಕೆ ಹೋದೆ. ಸೌತ್ ಎಂಡ್ ಸರ್ಕಲ್ ದಾಟುವುದರೊಳಗೆ ಬೆನ್ನು ನೋಯುತ್ತಿತ್ತು. ಸಿಗ್ನಲಿನಲ್ಲಿ ಪಕ್ಕದ ಸ್ಕೂಟರಿನ ಹುಡುಗಿ ತಿರುಗಿ ನನ್ನ ಮುಂದಿನ ಚಕ್ರವನ್ನು ನೋಡಿದಳು. ಅವಳು ಯಾವ ಬದಿಯಲ್ಲಿದ್ದಾಳೆ ಎಂಬುದನ್ನು ನಾನು ಗಮನಿಸಬಹುದಿತ್ತು. ದಣಿದಿದ್ದೆ, ಎದುರಿಗೇ ನೋಡುತ್ತಾ ಕೂತೆ.

ಗ್ಯಾರೇಜಿನಲ್ಲಿ ನಿಂಗರಾಜ ಚಹಾ ಕುಡಿಯುತ್ತಿದ್ದ. "ಸರ ಬಂದ್ರಲೇ ಸಂಗ್ಯಾ. ಇನ್ನೊಂದ ಉತ್ತರಪತ್ರಿಕೆ ತಂದಾರೇನ್ ನೋಡು."

"ಸುಮ್ನಿರಲೇ" ಎಂದ ಸಂಗಮೇಶ. ಅವನ ಮುಖ ಗಡುಸಾಗಿತ್ತು. "ಸರ, ನೀವ ಬರದಂಗಽ ಮಾಡೀನ್ರಿ. ಎಡಗಡೆ ಒಂದ್ ಬುಶ್ ಬಿಟ್ಟಿಲ್ಲ. ಬರ್ರಿ, ಇಬ್ರೂ ಕೂಡೇ ಹೋಗೂಣು."

ಅವನೇ ಓಡಿಸಿದ. ನಾನು ಎಡಗಡೆ ಕೂತೆ. ಜಯನಗರ ಒಂಬತ್ತನೇ ಬ್ಲಾಕಿನ ಕಡೆ ಒಂದು ಹಂಪ್ ದಾಟಿದಾಗ "ಈಗ ಬಂತೇನ್ರಿ?" ಎಂದು ಕೇಳಿದ.

"ಬಂತು" ಎಂದೆ.

ಅವನು ಮುಂದೆ ಒಂದು ಅಡ್ಡರಸ್ತೆಗೆ ಪೂರ್ತಿ ತಿರುಗಿಸಿದ. ನಡೆದು ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿದರು. "ಈಗ?"

"ಈಗಿಲ್ಲ. ತಿರುವಲ್ಲಿ ಬರಲ್ಲ."

ಮರದ ನೆರಳಿಗೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ. ನಾನು ಗಾಜಿನ ಆಚೆ ನೋಡುತ್ತಿದ್ದೆ.

"ಈಗ ಕೇಳ್ರಿ ಸರ. ಬಂತೇನು?"

"ಹಾಂ, ಬಂತು. ಸಣ್ಣಗೆ. ಎಡಗಡೆಯಿಂದ."

ತಿರುಗಿ ನೋಡಿದೆ. ಅವನ ಎರಡೂ ಕೈ ತೊಡೆಯ ಮೇಲಿದ್ದವು.

"ನಾ ಏನೂ ಮುಟ್ಟೇ ಇಲ್ರಿ" ಎಂದ ಸಂಗಮೇಶ, ಮೆಲ್ಲಗೆ.

ಇಬ್ಬರೂ ಎದುರಿನ ರಸ್ತೆ ನೋಡುತ್ತಾ ಕೂತೆವು. ತರಕಾರಿ ಗಾಡಿಯೊಂದು ಹೋಯಿತು. ಗಾಡಿಯವನು ಬಾಯಿ ತೆರೆದು ಏನೋ ಕೂಗುತ್ತಿದ್ದ.

"ನಮ್ಮವ್ವ ಪಾರವ್ವ ಅಂತ" ಎಂದು ಸಂಗಮೇಶನೇ ಶುರುಮಾಡಿದ. "ಇಳಕಲ್ಲಾಗ ಪವರ್‌ಲೂಮಿನಾಗ ಇಪ್ಪತ್ತೆಂಟ ವರ್ಷ ದುಡದಾಳ್ರಿ. ಈಗ ಏನ ಕೇಳಿದ್ರೂ ಹೂಂ ಅಂತಾಳ. ಹಸಿವಾಗೇತೇನಬೇ ಅಂದ್ರ ಹೂಂ. ಉಂಡಿಯೇನಬೇ ಅಂದ್ರೂ ಹೂಂ. ಎರಡ್ ದಿನ ಉಪಾಸ ಇದ್ಲು ಒಮ್ಮೆ, ನಾವ್ ಉಂಡಾಳಂತ ತಿಳಕೊಂಡ್ವಿ." ನಗುವುದೋ ಬೇಡವೋ ಎಂಬಂತೆ ನನ್ನ ಕಡೆ ನೋಡಿದ. "ನೀವೂ ನನ್ನ ಬಾಯಿ ನೋಡ್ತೀರಿ, ಮಾತಾಡುವಾಗ. ನಂಗ ಮೊದ್ಲಽ ತಿಳೀಬೇಕಿತ್ತು."

"ಆ ಕಾಗದ" ಎಂದೆ.

"ಅದೂ ಹಂಗೇನ್ರಿ?"

"ಪೂರ್ತಿ. ಒಂದು ಸಾಲೂ ಕೇಳಿ ಬರೆದದ್ದಲ್ಲ."

ಅವನಿಗೆ ಸಿಟ್ಟು ಬಂದದ್ದು ಆಗ. ದನಿ ಏರಿಸಲಿಲ್ಲ. "ಸರ, ಕಿವಿ ಕೇಳ್ಸಂಗಿಲ್ಲ ಅಂದಿದ್ರ ನಾ ಎರಡೂ ಬಾಜೂ ಬಿಚ್ಚಿ ನೋಡ್ತಿದ್ದೆ. ಓದಿದವ್ರು ಬರದಾರಂತ ಬಲಗಡೆ ಕಡೆ ಹೊಳ್ಳಿ ಸುದ್ದಾ ನೋಡ್ಲಿಲ್ರಿ ನಾ."

ವಾಪಸು ಬಂದು ಮುಂದಿನ ಬಲಚಕ್ರವನ್ನು ಜಾಕ್ ಮೇಲೆ ಎತ್ತಿದ. ನಿಂಗರಾಜನಿಗೆ ಒಳಗೆ ಕೂತು ಸ್ಟೇರಿಂಗ್ ನಿಧಾನವಾಗಿ ಆಡಿಸಲು ಹೇಳಿದ. ತಾನು ಕೆಳಗೆ ತೂರಿ ಒಂದೊಂದೇ ಕೀಲಿನ ಮೇಲೆ ಬೆರಳಿಡುತ್ತಾ ಬಂದ. ಪಕ್ಕದ ವೆಲ್ಡಿಂಗ್ ಅಂಗಡಿಯ ಗಲಾಟೆಯಲ್ಲಿ ತನಗೂ ಅರ್ಧ ದಿನ ಏನೂ ಕೇಳುವುದಿಲ್ಲ, ಕೈಯಲ್ಲೇ ಹುಡುಕುವುದು ಎಂದ. ಒಂದು ಕಡೆ ಕೈ ನಿಂತಿತು.

"ಬರ್ರಿ ಸರ. ಇಲ್ಲಿ ಬೆರಳಿಡ್ರಿ. ಅಲ್ಲಲ್ಲ, ಅಲ್ಲಿಟ್ರ ಸಿಗಬೀಳ್ತಾವು. ಇಲ್ಲಿ."

ಹಾಸಿದ ರಟ್ಟಿನ ಮೇಲೆ ಮಂಡಿ ಊರಿ, ಅಂಗಿಯ ತೋಳು ಮಡಚಿ, ಅವನು ತೋರಿಸಿದ ಕಡೆ ಎರಡು ಬೆರಳು ಇಟ್ಟೆ. ಚಕ್ರವನ್ನು ಹೊತ್ತ ಕೆಳಗಿನ ತೋಳಿನ ತುದಿಯಲ್ಲಿ ಗುಂಡಾದ ಕೀಲು, ಬಾಲ್ ಜಾಯಿಂಟ್. ನಿಂಗರಾಜ ಸ್ಟೇರಿಂಗ್ ತಿರುಗಿಸಿದ. ಬೆರಳ ತುದಿಯಲ್ಲಿ ಉಪ್ಪುಕಾಗದ ಉಜ್ಜಿದಂಥ ಒಂದು ಕೊರೆತ ಹತ್ತಿ ಮೊಣಕೈವರೆಗೆ ಬಂತು. ತಿರುಗಿಸುವುದು ನಿಂತಾಗ ನಿಂತಿತು. ಮತ್ತೆ ತಿರುಗಿಸಿದಾಗ ಮತ್ತೆ ಬಂತು. ಇಷ್ಟು ದಿನ ಬೀದಿಯವರೆಲ್ಲ ಕೇಳಿದ್ದು ಅದು. ನನಗೆ ಸಿಕ್ಕಿದ್ದು ಆಗ.

"ಇದು" ಎಂದೆ.

"ಇದಽ" ಎಂದ ಸಂಗಮೇಶ.

ಕೀಲಿನ ಮೇಲಿನ ರಬ್ಬರ್ ಟೊಪ್ಪಿಗೆ ಹರಿದಿತ್ತು. ಒಳಗೆ ಗ್ರೀಸಿನ ಬದಲು ತುಕ್ಕಿನ ಕೆಂಪು ಪುಡಿ. ಅವನು ಉದ್ದನೆಯ ಕಬ್ಬಿಣದ ಸರಳೊಂದನ್ನು ಕೆಳಗೆ ಕೊಟ್ಟು ಮೀಟಿದ. ಕೀಲು ತನ್ನ ಗೂಡಿನೊಳಗೆ ಎದ್ದು ಕೂತಿತು. ಒಂದು ಅಕ್ಕಿಕಾಳಿನ ದಪ್ಪದಷ್ಟು. ಅಲ್ಲಿ ಕೂದಲೆಳೆಯಷ್ಟೂ ಸಡಿಲ ಇರಬಾರದು ಎಂಬುದು ನನಗೆ ಗೊತ್ತಿತ್ತು.

ನಿಂಗರಾಜ ಕೆಳಗಿಳಿದು ಬಗ್ಗಿ ನೋಡಿದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. "ಇದು ಕಳಚಿದ್ರ ಚಕ್ರ ಹೊರಗ ಮಕ್ಕೊಂತೈತ್ರಿ. ಬ್ರೇಕ್ ಹಾಕಿದ್ರೂ ಅಷ್ಟ, ಬಿಟ್ರೂ ಅಷ್ಟ. ಇದರಾಗ ಎಲ್ಲಿಗೆ ಹೊಂಟಿದ್ರಿ?"

"ಬೆಟ್ಟಕ್ಕೆ" ಎಂದೆ. ಯಾವ ಬೆಟ್ಟ, ಯಾರ ಜೊತೆ ಎಂದು ಅವರು ಕೇಳಲಿಲ್ಲ.

ಎರಡೂ ಬದಿಯ ಬಾಲ್ ಜಾಯಿಂಟ್ ಬದಲಿಸುವಷ್ಟರಲ್ಲಿ ಮಧ್ಯಾಹ್ನ ಮೂರಾಯಿತು. ನಾನು ಹಳೆಯ ಟೈರಿನ ಮೇಲೆ ಕೂತಿದ್ದೆ. ನನ್ನ ಕಾಗದ ಇನ್ನೂ ಮೊಳೆಗೆ ನೇತಾಡುತ್ತಿತ್ತು. ಅದರ ಗೆರೆಗಳು ನೇರವಾಗಿದ್ದವು. ಎದ್ದು ಹೋಗಿ ಕಿತ್ತುಕೊಂಡು ಜೇಬಿನಲ್ಲಿಟ್ಟುಕೊಂಡೆ.

ಮತ್ತೊಂದು ಸುತ್ತು ಓಡಿಸಿ ಬಂದ ಸಂಗಮೇಶನನ್ನು ನಾನೇ ಕೇಳಿದೆ. "ಹೋಯ್ತಾ?"

"ಹೋತ್ರಿ."

"ಖಂಡಿತವಾಗಿ?"

"ನಂಬ್ರಿ ಸರ" ಎಂದ ಅವನು, ಕೈ ಒರೆಸಿಕೊಳ್ಳುತ್ತಾ. "ನಾ ನಿಮ್ಮ ಕಾಗದ ನಂಬಿರ್ಲಿಲ್ಲೇನು?"

ಮನೆಗೆ ಬಂದಾಗ ಸತ್ಯಭಾಮಾ ಮೇಜಿನ ಮುಂದೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಎದುರಿನ ಕುರ್ಚಿಯಲ್ಲಿ ಕೂತು, ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿದೆ. ನಾಲ್ಕು ಸಾವಿರ ಹರ್ಟ್ಸಿನಿಂದ ಶುರುಮಾಡಿ, ಎಡಗಡೆ ಎಂದು ಹೇಗೆ ತೀರ್ಮಾನಿಸಿದೆ ಎಂಬುದನ್ನೂ ಹೇಳಿ, ಅಕ್ಕಿಕಾಳಿನವರೆಗೆ. ಕಾಗದವನ್ನೂ ಮುಂದಿಟ್ಟೆ. ಅವಳು ಕನ್ನಡಕ ಏರಿಸಿಕೊಂಡು ಹದಿನಾಲ್ಕು ಸಾಲನ್ನೂ ಓದಿದಳು. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು, ಉತ್ತರಪತ್ರಿಕೆ ಓದುವ ರೀತಿಯಲ್ಲೇ ಓದಿದಳು.

"ಕಿವಿ ಹೋಗಿರೋದು ನಂಗೊತ್ತಿತ್ತು" ಎಂದಳು. "ಎರಡು ವರ್ಷ ಆಯ್ತು. ನೀವಾಗೇ ಹೇಳ್ತೀರೇನೋ ಅಂತ ಕಾದೆ." ಕಾಗದವನ್ನು ಮಡಚಿದಳು. "ಸುಳ್ಳು ಬರೀತೀರಿ ಅಂತ ಗೊತ್ತಿರ್ಲಿಲ್ಲ."

ಜೀಪಿನ ಕೀಯನ್ನು ಜೇಬಿನಿಂದ ತೆಗೆದು ಅವಳ ಕಡೆ ಸರಿಸಿದೆ. "ಭಾನುವಾರ ಶ್ರೀಕರ್ ಓಡಿಸ್ಲಿ."

"ಅವನಿಗೆ ಗೇರ್ ಗಾಡಿ ಮರ್ತೇಹೋಗಿದೆ. ಟ್ಯಾಕ್ಸಿ ಹೇಳ್ತೀನಿ." ಕೀಯನ್ನು ನಾರಿನ ಗುಡ್ಡೆಯ ಪಕ್ಕಕ್ಕೆ ಎಳೆದುಕೊಂಡು ಮತ್ತೊಂದು ಹುರುಳಿಕಾಯಿ ತೆಗೆದುಕೊಂಡಳು. "ವಿಭಾಗೆ ನಾನು ಹೇಳಲ್ಲ. ನೀವೇ ಹೇಳಿ. ಈ ಪೇಪರ್ ವಿಷಯಾನೂ ಸೇರಿಸಿ."

ಹೇಳಿದೆ. ಬೆಟ್ಟಕ್ಕೆ ಹೋಗುವ ದಾರಿಯುದ್ದಕ್ಕೂ, ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ, ಗೋವಿಂದಮ್ಮನವರಿಗೂ ಕೇಳಿಸುವಂತೆ. ನನ್ನ ದನಿ ಇತ್ತೀಚೆಗೆ ದೊಡ್ಡದಾಗಿದೆ ಎಂದು ಆಮೇಲೆ ತಿಳಿಯಿತು.

ಬುಧವಾರ ಜಯನಗರದ ಒಂದು ಕ್ಲಿನಿಕ್ಕಿಗೆ ಶ್ರವಣ ಪರೀಕ್ಷೆಗೆ ಹೋದೆವು. ಫಲಿತಾಂಶ ನೋಡಿ, ಯಂತ್ರ ಹಾಕಿಸಿಕೊಂಡು, ಆಮೇಲೆ ಕೀ ವಿಷಯ ಮಾತಾಡೋಣ ಎಂದು ವಿಭಾ ಹೇಳಿದ್ದಳು. ಪರೀಕ್ಷೆ ಮಾಡುವವರು ಭಾಗ್ಯಜ್ಯೋತಿ ಎಂಬ ಚಿಕ್ಕ ವಯಸ್ಸಿನವರು. ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ತಂತಿಯಿದ್ದ ಒಂದು ಗುಂಡಿ ಕೊಟ್ಟರು.

"ಸಾರ್, ಶಬ್ದ ಕೇಳಿಸ್ದಾಗೆಲ್ಲ ಇದನ್ನ ಒತ್ತಿ. ಎಷ್ಟೇ ಸಣ್ಣದಾಗಿದ್ರೂ ಒತ್ತಿ. ಆಯ್ತಾ?"

"ಕೇಳಿಸ್ದೇ ಇದ್ರೆ ಒತ್ಬೇಡಿ" ಎಂದಳು ಸತ್ಯಭಾಮಾ ಬಾಗಿಲ ಹತ್ತಿರದಿಂದ.

ಭಾಗ್ಯಜ್ಯೋತಿ ನಕ್ಕರು. ಅದನ್ನು ಬೇರೆ ಯಾಕೆ ಹೇಳಬೇಕು ಎಂದು ಅವರಿಗೆ ಅನಿಸಿರಬೇಕು.

ಗಾಜಿನ ಕೋಣೆಯ ಬಾಗಿಲು ಮುಚ್ಚಿತು. ಮೊದಲು ತಗ್ಗಿನ ಸ್ವರಗಳು ಬಂದವು, ಒತ್ತಿದೆ. ಸ್ವಲ್ಪ ಮೇಲಿನವು ಬಂದವು, ಒತ್ತಿದೆ. ನಂತರ ಒಂದು ತೆಳ್ಳನೆಯದು ಎಲ್ಲೋ ದೂರದಲ್ಲಿ ಬಂದಂತಾಯಿತು. ಅದಾದ ಮೇಲೆ ಏನೂ ಬರಲಿಲ್ಲ. ಗಾಜಿನ ಆಚೆ ಭಾಗ್ಯಜ್ಯೋತಿಯವರ ಬೆರಳು ಯಂತ್ರದ ಮೇಲೆ ಆಡುತ್ತಿರುವುದು ಕಾಣುತ್ತಿತ್ತು. ಬೆರಳು ಕೆಳಗಿಳಿದಾಗಲೆಲ್ಲ ಅವರು ನನ್ನ ಕಡೆ ನೋಡುತ್ತಿದ್ದರು. ಅವರ ಬೆರಳು ನೋಡಿಕೊಂಡೇ ಒಂದೂ ತಪ್ಪದಂತೆ ಗುಂಡಿ ಒತ್ತಿ ಮುಗಿಸಬಹುದಿತ್ತು. ಗೋಡೆಯ ಕಡೆ ತಿರುಗಿ ಕೂತೆ. ಹೆಬ್ಬೆರಳು ಗುಂಡಿಯ ಮೇಲೆ ಬಹಳ ಹೊತ್ತು ಹಾಗೇ ಇತ್ತು, ಒತ್ತಲಿಲ್ಲ.